ಉದುರುವ ಹೂವು, ಉಳಿಯುವ ನರ

ಕಿಣ್ಣಿ ಸುಲ್ತಾನದಿಂದ ಜೇವರ್ಗಿಯವರೆಗಿನ ನಮ್ಮ ಸೀಮೆಯ ಒಕ್ಕಲಿಗರಿಗೆ ಒಂದು ಸಂಗತಿ ಹೊಸದಲ್ಲ. ತೊಗರಿ ಬಿಟ್ಟ ಹೂವುಗಳಲ್ಲಿ ಬಹುಪಾಲು ಉದುರುತ್ತವೆ. ಗಿಡವು ಪೋಷಿಸಬಲ್ಲಷ್ಟು ಮಾತ್ರ ಕಾಯಾಗುತ್ತವೆ. ಗರ್ಭದಲ್ಲಿ ಮೆದುಳು ಬೆಳೆಯುವ ಬಗೆಯೂ ಹೀಗೆಯೇ. ಅಗತ್ಯಕ್ಕಿಂತ ಬಹಳ ಹೆಚ್ಚಿನ ನರಕೋಶಗಳು ಹುಟ್ಟಿ, ಅನೇಕ ಭಾಗಗಳಲ್ಲಿ ಸುಮಾರು ಅರ್ಧದಷ್ಟು ಬೆಳವಣಿಗೆಯ ಕಾಲದಲ್ಲಿಯೇ ಅಳಿಯುತ್ತವೆ. ಇದು ರೋಗವಲ್ಲ, ಕೋಶದೊಳಗೇ ಅಡಗಿರುವ ವ್ಯವಸ್ಥೆ. ಇಂತಹ ಮರಣಕ್ಕೆ 1972ರಲ್ಲಿ 'ಅಪೊಪ್ಟೋಸಿಸ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಎಲೆ, ಹೂದಳ ಉದುರುವುದೆಂದು ಅದರ ಅರ್ಥ. ಹೆಸರಿಟ್ಟವರು ಹೊಲವನ್ನು ಬಲ್ಲವರೇ ಇರಬೇಕು!

ಯಾವ ಕೋಶ ಉಳಿಯಬೇಕು? ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ ಎಂಬ ವಿದುಷಿ ಎರಡನೆಯ ಮಹಾಯುದ್ಧದ ದಿನಗಳಲ್ಲಿ ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಶಾಲೆಯಾಗಿಸಿಕೊಂಡು ಕೋಳಿಮೊಟ್ಟೆಯೊಳಗಿನ ಭ್ರೂಣಗಳನ್ನು ಪರೀಕ್ಷಿಸಿದರು. ಮೊಳೆಯುತ್ತಿರುವ ಅಂಗವನ್ನು ತೆಗೆದರೆ ಅದಕ್ಕೆ ಹೋಗಬೇಕಾದ ನರಕೋಶಗಳು ಸಾಯುತ್ತಿದ್ದವು. ಸ್ನಾಯುವನ್ನು ಮುಟ್ಟಿ ಅಲ್ಲಿಂದ ಪೋಷಕ ದ್ರವ್ಯವನ್ನು ಪಡೆದ ಕೋಶವು ಬದುಕುತ್ತದೆ, ಪಡೆಯದುದು ಕಳಚಿಕೊಳ್ಳುತ್ತದೆ. ಅಂತಹ ಮೊದಲ ದ್ರವ್ಯದ ಶೋಧಕ್ಕಾಗಿ 1986ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಉಳಿಯಬೇಕಾದ ಕೋಶಗಳೇ ಅಕಾಲದಲ್ಲಿ ಅಳಿದರೆ? ಬೆನ್ನುಹುರಿಯ ಸ್ನಾಯುಕ್ಷಯ, ವೈದ್ಯರ ಮಾತಿನಲ್ಲಿ ಎಸ್.ಎಂ.ಎ., ಅಂತಹ ರೋಗ. ಸ್ನಾಯುಗಳನ್ನು ಚಲಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಉಗ್ರರೂಪದಲ್ಲಿ ಕೂಸಿಗೆ ಕತ್ತು ನಿಲ್ಲದು, ಕುಳಿತುಕೊಳ್ಳಲಾಗದು. ಬುದ್ಧಿ ಮಾತ್ರ ಚುರುಕು. ಇದಕ್ಕೆ ಕಾರಣವಾದ ವಂಶವಾಹಿ 1995ರಲ್ಲಿ ಪತ್ತೆಯಾಯಿತು. ತಾಯಿತಂದೆ ಇಬ್ಬರಲ್ಲಿಯೂ ಆ ದೋಷವು ಗುಪ್ತವಾಗಿದ್ದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಅಪಾಯವುಂಟು. ಗುಪ್ತವಾಗಿ ಹೊತ್ತವರಿಗೆ ಯಾವ ತೊಂದರೆಯೂ ಕಾಣದು.

ಇಲ್ಲಿಯೇ ಈ ವಿಷಯ ನಮ್ಮ ಮನೆಯ ಹೊಸ್ತಿಲಿಗೆ ಬರುತ್ತದೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ವಾಡಿಕೆ ನಮ್ಮಲ್ಲಿ ಬಹಳ; ಕರ್ನಾಟಕದ ಮದುವೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ಕಳ್ಳುಬಳ್ಳಿಯೊಳಗಿನದು. ಒಂದೇ ಹಿರಿಯರಿಂದ ಬಂದ ದೋಷವು ಇಬ್ಬರಲ್ಲಿಯೂ ಸೇರುವ ಸಂಭವ ಅಲ್ಲಿ ಹೆಚ್ಚು. ಹೊಲ ಹೊರಗೆ ಹೋಗಬಾರದೆಂಬ ಲೆಕ್ಕಕ್ಕಿಂತ ಈ ಲೆಕ್ಕ ದೊಡ್ಡದೆಂದೇ ನನ್ನ ಅಭಿಪ್ರಾಯ. ಹೊರಗಿನ ಸಂಬಂಧದಲ್ಲಿಯೂ ರೋಗ ಬರಬಹುದು. ಆದುದರಿಂದ ಹೆತ್ತವಳನ್ನು ದೂರುವುದು, ಸೊಸೆಯ ಕಾಲ್ಗುಣವೆನ್ನುವುದು ಶುದ್ಧ ಅನ್ಯಾಯ.

ರಕ್ತಪರೀಕ್ಷೆಯಿಂದ ಗುಪ್ತದೋಷವನ್ನು ಮದುವೆಗೆ ಮೊದಲೇ ತಿಳಿಯಬಹುದು. 2016ರಿಂದೀಚೆಗೆ ಔಷಧಗಳೂ ಬಂದಿವೆ. ಬೆಲೆ ಮಾತ್ರ ಬಡವನ ಕೈಗೆ ಎಟುಕದಷ್ಟು. ಸತ್ತ ನರಕೋಶವನ್ನು ಅವು ಮರಳಿ ತರಲಾರವು, ಉಳಿದುದನ್ನು ಕಾಯಬಲ್ಲವು. ನಾಲ್ಕು ತಿಂಗಳಾದರೂ ಕೂಸಿನ ಕತ್ತು ನಿಲ್ಲದಿದ್ದರೆ, ಕೈಕಾಲು ಸಡಿಲವಾಗಿದ್ದರೆ, ಮಂತ್ರತಂತ್ರಗಳಲ್ಲಿ ತಿಂಗಳುಗಳನ್ನು ಕಳೆಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಅವರು ಕಳುಹಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ನರಸ್ನಾಯು ರೋಗಗಳ ತಪಾಸಣೆ ನಡೆಯುತ್ತದೆ.