21/5: ಬ್ರೇಕ್ ದೀಪದ ಲೆಕ್ಕ

ಸಿಂಧನೂರಿನ ಓದುಗರೊಬ್ಬರ ಪ್ರಶ್ನೆ: ಕಾರಿನ ಎಡಗಡೆಯ ಬ್ರೇಕ್ ಲೈಟ್ ಹೋಗಿದೆ. ಆಟೊಮೊಬೈಲ್ ಅಂಗಡಿಯವರು ‘ಎಲ್‌ಇಡಿ ಹಾಕ್ಸಿಬಿಡ್ರಿ ಸರ, ಬೆಳಕು ಡಬಲ್ ಬರ್ತದ’ ಅನ್ನುತ್ತಾರೆ. ಹಾಕಿಸಲೇ, ಬೇಡವೇ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೋದ ಬಲ್ಬಿನ ಮೈಮೇಲೆ ಏನು ಅಚ್ಚಾಗಿದೆಯೋ ಅದನ್ನೇ ಕೇಳಿ ತನ್ನಿ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಕಥೆ.

ಬಲ್ಬನ್ನು ಒಳಕ್ಕೆ ಒತ್ತಿ ತಿರುಗಿಸಿದರೆ ಹೋಲ್ಡರಿನಿಂದ ಈಚೆ ಬರುತ್ತದೆ. ಅದರ ಲೋಹದ ಬುಡವನ್ನು ಬೆಳಕಿಗೆ ಹಿಡಿದು ಓದಿ. ಬಹಳಷ್ಟು ಕಾರುಗಳಲ್ಲಿ ‘12ವಿ 21/5ಡಬ್ಲ್ಯೂ’ ಎಂದಿರುತ್ತದೆ. ಒಂದೇ ಗಾಜಿನೊಳಗೆ ಎರಡು ಟಂಗ್‌ಸ್ಟನ್ ಸುರುಳಿಗಳಿವೆ ಎಂದು ಇದರರ್ಥ. ರಾತ್ರಿಯಿಡೀ ಉರಿಯುವ ಟೇಲ್ ಲೈಟ್ 5 ವ್ಯಾಟಿನದು, ಬ್ರೇಕ್ ತುಳಿದಾಗ ಹೊತ್ತುವುದು 21 ವ್ಯಾಟಿನದು. ವ್ಯಾಟಿನಲ್ಲಿ ನಾಲ್ಕು ಪಟ್ಟು ಅನ್ನಿಸಿದರೂ ಬೆಳಕಿನಲ್ಲಿ ಹಾಗಲ್ಲ. 13.5 ವೋಲ್ಟಿನಲ್ಲಿ ಪರೀಕ್ಷಿಸಿದಾಗ ಸಣ್ಣದು ಸುಮಾರು 35 ಲ್ಯೂಮೆನ್, ದೊಡ್ಡದು ಸುಮಾರು 440 ಲ್ಯೂಮೆನ್ ಕೊಡಬೇಕೆಂಬುದು ನಿಯಮ. ಹನ್ನೆರಡು ಪಟ್ಟಿಗೂ ಮೇಲೆ. ಬ್ರೇಕ್ ದೀಪದ ಜೀವ ಇರುವುದು ಈ ಹನ್ನೆರಡು ಪಟ್ಟಿನಲ್ಲಿ.

ಅಕ್ಕಿ ಗಿರಣಿಯ ಪಕ್ಕದಲ್ಲಿ ಮನೆಯಿದ್ದವರಿಗೆ ಅದರ ಸದ್ದು ಕೇಳಿಸುವುದೇ ಇಲ್ಲ. ಕರೆಂಟ್ ಹೋಗಿ ಗಿರಣಿ ಗಕ್ಕನೆ ನಿಂತರೆ ಮಾತ್ರ ಮನೆಮಂದಿಯೆಲ್ಲ ತಲೆ ಎತ್ತುತ್ತಾರೆ. ಕಣ್ಣಿನದೂ ಇದೇ ಸ್ವಭಾವ. ಮುಂದಿನ ಗಾಡಿಯ ಹಿಂಬದಿಯಲ್ಲಿ ಎಷ್ಟು ಬೆಳಕಿದೆ ಎಂದು ಅದು ಅಳೆಯುತ್ತ ಕೂರುವುದಿಲ್ಲ, ಇದ್ದದ್ದು ಎಷ್ಟು ಪಟ್ಟು ಬದಲಾಯಿತು ಎಂದು ನೋಡುತ್ತದೆ. ಜರ್ಮನಿಯ ಎರ್ನ್ಸ್ಟ್ ವೆಬರ್ ಕೈಯಲ್ಲಿ ತೂಕದ ಬಟ್ಟು ಹಿಡಿಸಿ ಇದನ್ನು ಗುರುತಿಸಿದರು, ಅದೇ ದೇಶದ ವಿಜ್ಞಾನಿ ಫೆಕ್ನರ್ 1860ರಲ್ಲಿ ಗಣಿತದ ರೂಪ ಕೊಟ್ಟರು. ಅವರ ಕಾಲದಲ್ಲಿ ಕಾರೇ ಇರಲಿಲ್ಲ. ಆದರೂ ಟೇಲ್ ಲೈಟಿಗೂ ಬ್ರೇಕ್ ಲೈಟಿಗೂ ನಡುವೆ ಇಷ್ಟು ಅಂತರ ಯಾಕಿರಬೇಕು ಎನ್ನುವುದಕ್ಕೆ ವಿವರಣೆ ಅಲ್ಲೇ ಇದೆ.

ಈ ಅಂತರ ಕೆಡುವುದು ಹೇಗೆಂದು ತಿಳಿಯಲು ಬಲ್ಬಿನ ಬುಡವನ್ನೇ ಇನ್ನೊಮ್ಮೆ ನೋಡಿ. ಪಕ್ಕದಲ್ಲಿ ಎರಡು ಮೊಳೆಗಳಿವೆ, ಒಂದು ಮೇಲೆ, ಒಂದು ತುಸು ಕೆಳಗೆ. ತಳದಲ್ಲಿ ಸೀಸದ ಎರಡು ಚುಕ್ಕೆಗಳು. ಅಂಗಡಿಯಲ್ಲಿ ಡಬಲ್ ಕಾಂಟ್ಯಾಕ್ಟ್ ಎಂದು ಕೇಳಬೇಕಾದದ್ದು ಇದನ್ನು. ಬರೀ 21 ವ್ಯಾಟಿನ ಸಿಂಗಲ್ ಕಾಂಟ್ಯಾಕ್ಟ್ ಬಲ್ಬಿನಲ್ಲಿ ಮೊಳೆಗಳು ಸಮ ಎತ್ತರದಲ್ಲಿರುತ್ತವೆ, ಚುಕ್ಕೆ ಒಂದೇ. ಮೊಳೆಗಳನ್ನು ಏರುಪೇರಾಗಿ ಇಟ್ಟವರು ತಲೆ ಓಡಿಸಿಯೇ ಇಟ್ಟಿದ್ದಾರೆ: ಬಲ್ಬ್ ಒಂದೇ ದಿಕ್ಕಿನಲ್ಲಿ ಕೂರಬೇಕು. ಒತ್ತಾಯದಿಂದ ತಿರುವಿ ತುರುಕಿದರೆ ಟೇಲ್ ಲೈಟಿನ ಜಾಗದಲ್ಲಿ 21 ವ್ಯಾಟ್ ಸದಾ ಉರಿಯುತ್ತದೆ, ಬ್ರೇಕ್ ಒತ್ತಿದಾಗ 5 ವ್ಯಾಟ್ ಅದಕ್ಕೆ ಸೇರಿಕೊಳ್ಳುತ್ತದೆ. ಹಿಂದಿನವನಿಗೆ ಬದಲಾವಣೆಯೇ ಕಾಣದು. ಡಬಲ್ ಹೋಲ್ಡರಿಗೆ ಸಿಂಗಲ್ ಬಲ್ಬ್ ತುರುಕಿದರೆ ಇನ್ನೊಂದು ತಮಾಷೆ. ಅದರ ಚುಕ್ಕೆ ಎರಡೂ ಸಪ್ಲೈಗಳಿಗೆ ಸೇತುವೆಯಾಗಿ, ಬ್ರೇಕ್ ತುಳಿದರೆ ಡ್ಯಾಶ್‌ಬೋರ್ಡಿನ ದೀಪಗಳೂ ಮಿಣಕ್ ಅನ್ನಬಹುದು. ತಿರುಗುವ ಮೊಳೆಯಿಲ್ಲದೆ ನೇರ ಒತ್ತಿ ಕೂರಿಸುವ ಗಾಜಿನ ಬುಡದ ಬಲ್ಬುಗಳೂ ಈಗ ಸಾಕಷ್ಟಿವೆ. ಅವುಗಳ ಮೇಲೂ 21/5 ಎಂದೇ ಇದ್ದರೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ವೋಲ್ಟೇಜಿನ ವಿಷಯಕ್ಕೆ ನಮ್ಮ ಕಡೆ ವಿಶೇಷ ಎಚ್ಚರ ಬೇಕು. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಪೋಣಿಸುವುದು ಒಂದೇ ರಸ್ತೆ, ರಾಷ್ಟ್ರೀಯ ಹೆದ್ದಾರಿ 150ಎ. ಅದರ ಬದಿಯ ಅಂಗಡಿಗಳಿಗೆ ಕಾರಿನವರಷ್ಟೇ ಲಾರಿಯವರೂ ಗಿರಾಕಿಗಳು. ಲಾರಿಗೆ ಬೇಕಾದದ್ದು 24 ವೋಲ್ಟಿನ ಬಲ್ಬ್. ಬುಡ ಅದೇ, ಮೊಳೆ ಅದೇ, ಗಾಜೂ ಅದೇ. ಕಾರಿಗೆ ಹಾಕಿದರೆ ಕೆಂಡದಂತೆ ಮಂಕಾಗಿ ಉರಿಯುತ್ತದೆ. ಕಾರಿನದನ್ನು ಲಾರಿಗೆ ಹಾಕಿದರೆ ಒಮ್ಮೆ ಫಳ್ ಎಂದು ಮುಗಿಯಿತು.

ಹೆಚ್ಚು ಬೆಳಕು ಬಂದರೆ ಹೆಚ್ಚು ಕ್ಷೇಮ ಎಂಬ ನಂಬಿಕೆಯನ್ನು ಮುಟ್ಟುವ ಮೊದಲು ಒಂದು ಹಳೆಯ ಪ್ರಯೋಗ ನೆನೆಯಬೇಕು. ಜಾನ್ ವೊಯೆವೊಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೊದ 343 ಟ್ಯಾಕ್ಸಿಗಳ ಹಿಂಬದಿಯ ನಡುವೆ ಇನ್ನೊಂದು ಎಚ್ಚರಿಕೆ ದೀಪ ಕೂರಿಸಿ ನೋಡಿದರು. 1974ರಲ್ಲಿ ಪ್ರಕಟವಾದ ಫಲಿತಾಂಶ ಕಂಡು ಎಲ್ಲರೂ ಬೆರಗಾದರು: ಹಿಂದಿನಿಂದ ಬಂದು ಗುದ್ದುವ ಅಪಘಾತಗಳು ಶೇಕಡ 60.6 ಕಡಿಮೆ! 1986ರ ಮಾದರಿಯಿಂದ ಅಮೆರಿಕದ ಕಾರುಗಳಿಗೆಲ್ಲ ಮೂರನೇ ಬ್ರೇಕ್ ದೀಪ ಕಡ್ಡಾಯವಾಯಿತು. ಆಮೇಲೆ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ಲೆಕ್ಕ ಹಾಕುತ್ತ ಹೋಯಿತು. 1987ರಲ್ಲಿ ಲಾಭ ಶೇಕಡ 8.5ಕ್ಕೆ ನಿಂತಿತ್ತು. 1998ರ ವರದಿಯ ಹೊತ್ತಿಗೆ, ದೀರ್ಘಕಾಲದ ಲಾಭ ಶೇಕಡ 4.3 ಮಾತ್ರ ಎಂದು ತಿಳಿಯಿತು. ಪ್ರಯೋಗ ಸುಳ್ಳಾಗಿರಲಿಲ್ಲ. ಊರಿನಲ್ಲಿ ಕೆಲವೇ ಟ್ಯಾಕ್ಸಿಗಳ ಹಿಂದೆ ಹೊಸದೇನೋ ಮಿನುಗಿದಾಗ ಜನ ಬೆಚ್ಚಿ ಬ್ರೇಕ್ ಒತ್ತಿದ್ದರು. ಎಲ್ಲರ ಗಾಡಿಗೂ ಬಂದ ಮೇಲೆ ಕಣ್ಣಿಗೆ ರೂಢಿಯಾಯಿತು. ಶೇಕಡ 4.3 ಕೂಡ ಒಂದು ಅಗ್ಗದ ದೀಪಕ್ಕೆ ಒಳ್ಳೆಯ ಸಂಬಳವೇ. ಆದರೆ ‘ಭಾರಿ ಲೈಟ್’ ಎಂದು ಯಾರಾದರೂ ಮಾರಲು ಬಂದಾಗಲೆಲ್ಲ ನನಗೆ 60.6 ಮತ್ತು 4.3 ಎಂಬ ಎರಡು ಅಂಕಿಗಳು ಅಕ್ಕಪಕ್ಕ ಕಾಣಿಸುತ್ತವೆ.

ಎಲ್‌ಇಡಿಗೆ ನಿಜವಾದ ಗುಣ ಒಂದಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಟಂಗ್‌ಸ್ಟನ್ ಸುರುಳಿ ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ತೆಗೆದುಕೊಳ್ಳುತ್ತದೆ, ಎಲ್‌ಇಡಿ ತಕ್ಷಣ ಹೊತ್ತುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹಿಂದೆ ಬರುವವನಿಗೆ ಇದರಿಂದ ನಾಲ್ಕು ಮೀಟರಿಗಿಂತ ತುಸು ಹೆಚ್ಚು ಜಾಗ ಸಿಗುತ್ತದೆ. ಕಂಪನಿಯಿಂದಲೇ ಎಲ್‌ಇಡಿ ಬಂದ ಕಾರುಗಳಿಗೆ ಈ ಲಾಭ ಪೂರ್ತಿ ದಕ್ಕುತ್ತದೆ. ಹಳೆಯ ಹೋಲ್ಡರಿಗೆ ಕೂರಿಸುವ ಬದಲಿ ಎಲ್‌ಇಡಿಯ ಕಥೆ ಬೇರೆ. ಹಿಂದಿರುವ ಹೊಳಪಿನ ಬಟ್ಟಲನ್ನು ಮಾಡಿರುವುದು ಸುರುಳಿ ಇರುವ ಒಂದು ಬಿಂದುವಿನ ಲೆಕ್ಕದಲ್ಲಿ. ಬದಲಿಯ ಚಿಪ್ಪುಗಳು ಆ ಬಿಂದುವಿನಲ್ಲಿ ಇರುವುದಿಲ್ಲ, ಬೆಳಕು ಎತ್ತೆತ್ತಲೋ ಹೋಗುತ್ತದೆ. ಬಣ್ಣದ್ದೂ ಸಮಸ್ಯೆ. ಬಿಳಿ ಎಲ್‌ಇಡಿ ಎಂದರೆ ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪ. ಅದರಲ್ಲಿ ಗಾಢ ಕೆಂಪು ತೀರಾ ಕಡಿಮೆ. ಸುಮಾರು 2500 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಉರಿಯುವ ಟಂಗ್‌ಸ್ಟನ್ನಿನ ಬೆಳಕು ಕೆಂಪಿನ ಕಡೆಗೇ ವಾಲಿರುತ್ತದೆ. ಕಾರಿನ ಕೆಂಪು ಕವಚ ಕೆಂಪನ್ನಷ್ಟೇ ಹೊರಬಿಡುವುದರಿಂದ, ಕೌಂಟರಿನ ಮೇಲೆ ಕಣ್ಣು ಕೋರೈಸಿದ ಬಿಳಿ ಎಲ್‌ಇಡಿ ಕವಚದ ಹಿಂದೆ ಹೋದೊಡನೆ ಪೇಲವ ಗುಲಾಬಿಯಾಗುತ್ತದೆ. ಹಾಕಿಸಲೇಬೇಕೆಂದು ಹಟವಿದ್ದರೆ ಕೆಂಪು ಎಲ್‌ಇಡಿ ಹಾಕಿಸಿ. ಸಂಜೆ ಯಾರನ್ನಾದರೂ ಹಿಂದೆ ನಿಲ್ಲಿಸಿ, ಟೇಲ್ ಲೈಟ್ ಹಾಕಿ, ಬ್ರೇಕ್ ತುಳಿಯಿರಿ. ಬೆಳಕು ಎಗರಿದ್ದು ದೂರಕ್ಕೂ ಸ್ಪಷ್ಟವಾಗಿ ಕಾಣದಿದ್ದರೆ ಹಣ ದಂಡ. ಮಿನುಗುವ, ಬಣ್ಣ ಬದಲಿಸುವ ನಮೂನೆಗಳ ಬಗ್ಗೆ ನನ್ನನ್ನು ಕೇಳಲೇಬೇಡಿ.

ಇದೆಲ್ಲಕ್ಕಿಂತ ದೊಡ್ಡ ಕಳ್ಳ ಹೋಲ್ಡರಿನ ತುಕ್ಕು. ಬಲ್ಬಿಗೆ ಬರುವ ವೋಲ್ಟೇಜ್ ಶೇಕಡ 10 ಇಳಿದರೆ ಬೆಳಕು ಸುಮಾರು ಶೇಕಡ 30 ಇಳಿಯುತ್ತದೆ. ಕಾಲುವೆ ಸೀಮೆಯ ಕೆಸರು, ಮಳೆನೀರು ಕವಚದೊಳಗೆ ಇಳಿದು ಹಿಡಿಸಿದ ಹಸಿರು ಕಿಲುಬು ಅಷ್ಟನ್ನು ಸಲೀಸಾಗಿ ನುಂಗುತ್ತದೆ. ಸಣ್ಣ ಉಪ್ಪುಕಾಗದದಿಂದ ಉಜ್ಜಿ, ಅರ್ಥಿಂಗ್ ವೈರು ಬಿಗಿಯಾಗಿದೆಯೇ ನೋಡಿದರೆ ಹಳೆಯ ಬಲ್ಬೇ ಹೊಸದರಂತೆ ಬೆಳಗೀತು. ತಿರುಗಾಮುರುಗಾ, ವೋಲ್ಟೇಜ್ ಶೇಕಡ 5 ಏರಿದರೆ ಬಲ್ಬಿನ ಆಯುಷ್ಯ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಮೇಲಿಂದ ಮೇಲೆ ಬಲ್ಬ್ ಹೋಗುತ್ತಿದ್ದರೆ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಡೈನಮೊ ಚಾರ್ಜಿಂಗ್ ನೋಡಿಸಿ.

ತೆಗೆದ ಬಲ್ಬಿನ ಗಾಜು ಒಳಗೆ ಕಪ್ಪಾಗಿದ್ದರೆ ಅದು ಮುಪ್ಪಾಗಿ ಸತ್ತಿದೆ. ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಮೆತ್ತಿದೆ. ಬಲಗಡೆಯದಕ್ಕೂ ಅಷ್ಟೇ ವಯಸ್ಸಾಗಿರುವುದರಿಂದ ಜೋಡಿಯನ್ನೇ ಬದಲಿಸಿ. ಗಾಜು ಹಾಲುಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅದೊಂದನ್ನೇ ಬದಲಿಸಿದರೆ ಸಾಕು. ಎರಡೂ ಕಡೆ ಒಟ್ಟಿಗೇ ಆರಿದ್ದರೆ ಮಾತ್ರ ಬಲ್ಬಿನ ಅಂಗಡಿಗೆ ಹೋಗುವ ಮೊದಲು ಫ್ಯೂಸನ್ನೂ ಬ್ರೇಕ್ ಪೆಡಲಿನ ಮೇಲ್ಗಡೆ ಇರುವ ಸಣ್ಣ ಸ್ವಿಚ್ಚನ್ನೂ ನೋಡಿಸಿ.