ಮಧ್ಯಯುಗದ ಯುರೋಪಿನ ಸೋರೆಬುರುಡೆ ಪಾತ್ರೆಗಳು

ಸೋರೆಬುರುಡೆ ಪಾತ್ರೆ ಎಂದರೆ ಬಲಿತು ಒಣಗಿದ ಸೋರೆಕಾಯಿಯ ತಿರುಳನ್ನೂ ಬೀಜಗಳನ್ನೂ ತೆಗೆದು, ಅದರ ಗಟ್ಟಿ ಸಿಪ್ಪೆಯಿಂದ ಮಾಡಿದ, ನೀರು ಅಥವಾ ದ್ರಾಕ್ಷಾರಸ ತುಂಬಿಡುವ ಪಾತ್ರೆ. ಬುರುಡೆಯ ಬಳ್ಳಿಗಳೆಲ್ಲ ಅಮೆರಿಕದಿಂದ ಬಂದವು, ಆದ್ದರಿಂದ ಮಧ್ಯಯುಗದ (ಸುಮಾರು ಕ್ರಿ.ಶ. 500–1500) ಯುರೋಪಿನಲ್ಲಿ ಇಂತಹ ಪಾತ್ರೆಗಳಿರಲಿಲ್ಲ ಎಂಬ ಅಭಿಪ್ರಾಯವುಂಟು. ಇದು ಸರಿಯಲ್ಲ.

ಗೊಂದಲದ ಮೂಲ

ಸೋರೆಯ ವೈಜ್ಞಾನಿಕ ಹೆಸರು ಲ್ಯಾಜಿನೇರಿಯ ಸಿಸೆರೇರಿಯ. ಲ್ಯಾಟಿನ್ನಿನಲ್ಲಿ 'ಲಗೇನ' ಎಂದರೆ ಹೂಜಿ. ಆಫ್ರಿಕ ಮೂಲದ ಈ ಬಳ್ಳಿ ರೋಮನ್ನರ ಕಾಲದಲ್ಲಿಯೇ ಯುರೋಪಿನಲ್ಲಿ ಬೆಳೆಯುತ್ತಿತ್ತು. ರೋಮನ್ನರು ಇದನ್ನು 'ಕುಕುರ್ಬಿಟ' ಎಂದು ಕರೆಯುತ್ತಿದ್ದರು. ಇಂದು ಸಸ್ಯಶಾಸ್ತ್ರದಲ್ಲಿ ಅದೇ ಹೆಸರು ಸಿಹಿಕುಂಬಳದ ಕುಲಕ್ಕೆ ಸಲ್ಲುತ್ತದೆ. ಸಿಹಿಕುಂಬಳವಾದರೋ ಅಮೆರಿಕ ಮೂಲದ್ದು. 1492ರ ನಂತರವೇ ಯುರೋಪಿಗೆ ಬಂದಿತು. ಹೆಸರು ಒಂದೇ ಆದುದರಿಂದ ಎರಡು ಬೇರೆ ಬೇರೆ ಸಸ್ಯಗಳ ಚರಿತ್ರೆ ಬೆರೆತುಹೋಗಿದೆ.

ಲಿಖಿತ ಆಧಾರಗಳು

ಕ್ರಿ.ಶ. 79ರಲ್ಲಿ ನಿಧನನಾದ ರೋಮನ್ ಲೇಖಕ ಹಿರಿಯ ಪ್ಲಿನಿ, ಸೋರೆಬುರುಡೆಗಳನ್ನು ಸ್ನಾನಗೃಹಗಳಲ್ಲಿ ಹೂಜಿಗಳಾಗಿಯೂ ದ್ರಾಕ್ಷಾರಸ ಶೇಖರಿಸುವ ಪಾತ್ರೆಗಳಾಗಿಯೂ ಬಳಸುತ್ತಿದ್ದುದನ್ನು ದಾಖಲಿಸಿದ್ದಾನೆ. ಸುಮಾರು 800ರಲ್ಲಿ, ಷಾರ್ಲಮೇನ್ ಚಕ್ರವರ್ತಿಯ ಕಾಲದಲ್ಲಿ ಹೊರಟ ರಾಜಭೂಮಿಗಳ ಆಡಳಿತದ ಶಾಸನವು ತೋಟದಲ್ಲಿ ಬೆಳೆಯಬೇಕಾದ ಗಿಡಬಳ್ಳಿಗಳಲ್ಲಿ ಕುಕುರ್ಬಿಟವನ್ನೂ ಸೇರಿಸಿದೆ.

ಇವೆಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ವಾಲಾಫ್ರಿಡ್ ಸ್ಟ್ರಾಬೋನದು. ಈಗಿನ ಜರ್ಮನಿಯ ರೈಖೆನೌ ದ್ವೀಪದ ಮಠಾಧಿಪತಿಯಾಗಿದ್ದ ಈತ (ನಿಧನ 849) ತನ್ನ 'ಹಾರ್ಟುಲಸ್' ಎಂಬ ತೋಟದ ಕಾವ್ಯದಲ್ಲಿ ಸೋರೆಬಳ್ಳಿಯನ್ನು ವಿವರವಾಗಿ ವರ್ಣಿಸುತ್ತಾನೆ. ಎಳೆಯ ಕಾಯಿ ಅಡುಗೆಗೆ ಒದಗುತ್ತದೆ; ಬಲಿತು ಒಣಗಿದ ಕಾಯಿಯನ್ನು ಟೊಳ್ಳು ಮಾಡಿ ಒಳಗೆ ರಾಳ ಲೇಪಿಸಿದರೆ ದ್ರಾಕ್ಷಾರಸ ಕೆಡದೆ ಉಳಿಯುತ್ತದೆ ಎಂಬುದು ಅವನ ಮಾತಿನ ಸಾರಾಂಶ.

ಯಾತ್ರಿಕರ ಬುರುಡೆ

ಸ್ಪೇನಿನ ವಾಯವ್ಯದಲ್ಲಿರುವ ಸಾಂಟಿಯಾಗೊ ದೆ ಕೊಂಪೊಸ್ತೆಲಾ ಕ್ಷೇತ್ರಕ್ಕೆ ಯಾತ್ರಿಕರು ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಊರುಗೋಲು, ಜೋಳಿಗೆ, ಕಪ್ಪೆಚಿಪ್ಪುಗಳೊಡನೆ ನೀರಿನ ಬುರುಡೆಯೂ ಈ ಯಾತ್ರಿಕರ ಗುರುತಾಯಿತು. ಬುರುಡೆ ಮಣ್ಣಿನ ಹೂಜಿಗಿಂತ ಹಗುರ. ನಡು ಸಣ್ಣದಾಗಿರುವ ಕಾಯಿಗೆ ಹಗ್ಗ ಕಟ್ಟಿ ಕೋಲಿಗೆ ತೂಗುಹಾಕುವುದೂ ಸುಲಭ.

ಬಳಕೆಯ ಮಿತಿ

ಸೋರೆಬಳ್ಳಿಗೆ ದೀರ್ಘವಾದ ಬೆಚ್ಚನೆಯ ಋತು ಬೇಕು. ಹಿಮ ಬಿದ್ದರೆ ಅದು ಸಾಯುತ್ತದೆ. ಆದ್ದರಿಂದ ಇಟಲಿ, ಸ್ಪೇನ್‌ಗಳಂತಹ ದಕ್ಷಿಣದ ನಾಡುಗಳಿಗೆ ಅದು ಸಹಜವಾದ ಬೆಳೆ. ಚಳಿ ಹೆಚ್ಚಿದ ಉತ್ತರದಲ್ಲಿ ಮರ, ಚರ್ಮ ಮತ್ತು ಮಣ್ಣಿನ ಪಾತ್ರೆಗಳು ಸಾಮಾನ್ಯವಾಗಿದ್ದವು. ಮೇಲಾಗಿ, ಮೇಲಿನ ಆಧಾರಗಳು ತಿಳಿಸುವುದು ತುಂಬಿಡುವ ಮತ್ತು ಒಯ್ಯುವ ಪಾತ್ರೆಗಳನ್ನು. ಊಟದ ಮೇಜಿನ ಬಟ್ಟಲುಗಳನ್ನಲ್ಲ. ಸಿಪ್ಪೆ ಮಣ್ಣಿನಲ್ಲಿ ಬೇಗ ಕೊಳೆಯುವುದರಿಂದ ಉತ್ಖನನಗಳಲ್ಲಿ ಇಡೀ ಬುರುಡೆ ದೊರೆಯುವುದು ವಿರಳ. ಹಾಗೆಂದು ಅವು ಬಳಕೆಯಲ್ಲಿರಲಿಲ್ಲವೆಂದು ತೀರ್ಮಾನಿಸಲಾಗದು.