ಮರೆವಿನ ರೋಗವೂ ಸುಂಡಿಲಿಯ ಮಿದುಳೂ

ಉಂಡು ಕೈ ತೊಳೆದ ಹಿರಿಯರು ಮರುಗಳಿಗೆಯಲ್ಲಿಯೇ “ಊಟಕ್ಕೆ ಹೊತ್ತಾಗಲಿಲ್ಲವೆ?” ಎಂದು ಕೇಳಿದರೆ, ಅರವತ್ತಕ್ಕೆ ಅರಳುಮರಳೆಂದು ನಾವು ನಕ್ಕು ಸುಮ್ಮನಾಗುವೆವು. ಆದರೆ ಮರೆವೆಲ್ಲವೂ ವಯೋಧರ್ಮವಲ್ಲ. ಕೆಲವೆಡೆ ಅದು ರೋಗ. ಜರ್ಮನಿಯ ವೈದ್ಯರಾದ ಆಲೋಯಿಸ್ ಆಲ್ಜ್‌ಹೈಮರರು 1906ರಲ್ಲಿ, ಗತಿಸಿದ ರೋಗಿಯೊಬ್ಬಳ ಮಿದುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ನರಕೋಶಗಳ ನಡುವೆ ಕಲೆಗಳನ್ನೂ ಕೋಶಗಳೊಳಗೆ ಗಂಟುಗಳನ್ನೂ ಕಂಡರು. ಕಲೆಗಳು ಅಮೈಲಾಯ್ಡ್ ಎಂಬ ವಸ್ತುವಿನವು. ಗಂಟುಗಳು ಟೌ ಎಂಬುದರವು.

ಈ ಕಲೆಗಳು ಮರೆವು ತೋರುವುದಕ್ಕೆ ಎಷ್ಟೋ ವರ್ಷ ಮೊದಲೇ ಕೂಡತೊಡಗುವುವು. ಆ ಮೊದಲ ದಿನಗಳನ್ನು ಮನುಷ್ಯರಲ್ಲಿ ಹಿಡಿಯುವುದು ಕಷ್ಟ. ಆದುದರಿಂದಲೇ ವಿಜ್ಞಾನಿಗಳು ಸುಂಡಿಲಿಯ ಮೊರೆಹೊಕ್ಕರು. ಸುಂಡಿಲಿಗೆ ಈ ರೋಗವು ತಾನಾಗಿ ಬಾರದು. ದೋಷವುಳ್ಳ ಮಾನವ ಜೀನನ್ನು ಸೇರಿಸಿದ ಸುಂಡಿಲಿಗಳ ಮಿದುಳಿನಲ್ಲಿ ವಯಸ್ಸಾದಂತೆ ಕಲೆಗಳು ಕಟ್ಟುವುದನ್ನು ಅಮೆರಿಕದಲ್ಲಿ 1995 ಮತ್ತು 1996ರಲ್ಲಿ ವರದಿಮಾಡಿದರು.

ಅರ್ಧ ಗ್ರಾಮೂ ತೂಗದ ಆ ಮಿದುಳನ್ನು ಕೊಯ್ಯದೆ ನೋಡುವ ಬಗೆಯೆಂತು? ಬಲವಾದ ಅಯಸ್ಕಾಂತದಿಂದ. ಮಿದುಳಿನ ಯಾವ ಭಾಗವು ದುಡಿಯುವುದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತವು ಹೆಚ್ಚಾಗಿ ಹರಿಯುವುದು. ಆಮ್ಲಜನಕವುಳ್ಳ ರಕ್ತಕ್ಕೂ ಅದನ್ನು ಕಳೆದುಕೊಂಡ ರಕ್ತಕ್ಕೂ ಅಯಸ್ಕಾಂತಗುಣ ಬೇರೆ. ಈ ಭೇದವನ್ನು ಚಿತ್ರದಲ್ಲಿ ಹಿಡಿಯಬಹುದೆಂದು ಜಪಾನಿನ ಸೆಯಿಜಿ ಒಗಾವಾ ಅವರು 1990ರಲ್ಲಿ ಇಲಿಗಳಲ್ಲಿಯೇ ತೋರಿಸಿದರು. ದೂರದೂರದ ಎರಡು ಭಾಗಗಳಲ್ಲಿ ಈ ಏರಿಳಿತವು ಒಂದೇ ತಾಳಕ್ಕೆ ನಡೆದರೆ, ಅವು ಜೊತೆಯಾಗಿ ಕೆಲಸಮಾಡುತ್ತಿರುವುವೆಂದು ಎಣಿಸುವರು. ಭಜನೆಯ ಮೇಳದಲ್ಲಿ ತಾಳದಿಂದಲೇ ಸಂಗಡಿಗರನ್ನು ಗುರುತಿಸುವಂತೆ.

ಬೆಲ್ಜಿಯಮ್ಮಿನ ಆಂಟ್‌ವರ್ಪ್ ವಿಶ್ವವಿದ್ಯಾನಿಲಯದವರು 2016ರಲ್ಲಿ ಪ್ರಕಟಿಸಿದ ಸಂಗತಿಯು ಸೋಜಿಗದ್ದು. ರೋಗವೆಂದರೆ ಸಂಪರ್ಕ ಸಡಿಲುವುದೆಂದು ನಾವು ಊಹಿಸುವೆವಷ್ಟೆ? ಈ ಸುಂಡಿಲಿಗಳಲ್ಲಿಯಾದರೋ ಕಲೆಗಳು ಕಟ್ಟುವ ಮುನ್ನವೇ ತಾಳವು ಅತಿಯಾಗಿ ಕೂಡಿತ್ತು, ಸಡಿಲಿದುದು ತರುವಾಯ. ಆರುವ ದೀಪವು ಮೊದಲು ಭುಗ್ಗೆಂದಂತೆ! ಇಂತಹ ಮುನ್ಸೂಚನೆ ಮನುಷ್ಯರಲ್ಲಿಯೂ ನಿಶ್ಚಯವಾಗಿ ಸಿಕ್ಕುವುದಾದರೆ, ಚಿಕಿತ್ಸೆಗೆ ಕಾಲಾವಕಾಶ ದೊರೆಯುವುದು.

ಆದರೆ ಸುಂಡಿಲಿ ಮನುಷ್ಯನಲ್ಲ. ಅದರಲ್ಲಿ ಗುಣಕೊಟ್ಟ ಅನೇಕ ಔಷಧಗಳು ಮನುಷ್ಯರಲ್ಲಿ ಸೋತಿವೆ. ಅಮೆರಿಕವು 2023ರಲ್ಲಿ ಪೂರ್ಣ ಸಮ್ಮತಿಯಿತ್ತ ಲೆಕಾನೆಮ್ಯಾಬ್ ಕೂಡ ರೋಗದ ನಡೆಯನ್ನು ತುಸು ನಿಧಾನಗೊಳಿಸುವುದೇ ಹೊರತು ವಾಸಿಮಾಡದು.

ಅಲ್ಲಿಯವರೆಗೆ ಗೃಹಸ್ಥರಾದ ನಮ್ಮ ಕರ್ತವ್ಯವೇನು? ಮರೆವು ದಿನದ ಬಾಳಿಗೆ ಅಡ್ಡಬಂದರೆ ವೈದ್ಯರಿಗೆ ತೋರಿಸುವುದು. ಥೈರಾಯ್ಡಿನ ದೋಷದಿಂದಲೋ ಬಿ-12 ಜೀವಸತ್ವದ ಕೊರತೆಯಿಂದಲೋ ಬಂದುದಾದರೆ ಅದಕ್ಕೆ ಮದ್ದುಂಟು. ಮತ್ತೆ, ಹಿರಿಯರು ಊಟವನ್ನು ಎರಡನೆಯ ಸಲ ಕೇಳಿದಾಗ ನಗದೆ, ಗದರದೆ, ಒಂದು ಲೋಟ ಮಜ್ಜಿಗೆಯನ್ನಾದರೂ ಕೈಗಿತ್ತು ಬಳಿಯಲ್ಲಿ ಕುಳಿತುಕೊಳ್ಳುವುದು.